ಸದ್ದಿಲ್ಲದೆ ಬಂದ ಗಾಡಿ

ಪುಟ್ಟಮಾದಮ್ಮನನ್ನು ಎತ್ತಿಕೊಂಡು ಬಂದವನೇ ಅವಳಿಗೆ ಗುದ್ದಿದವನೂ ಆಗಿರಬೇಕು ಎಂದು ಜನಕ್ಕೆ ಅನ್ನಿಸಿದ್ದು ಭಾನುವಾರ ಬೆಳಿಗ್ಗೆ, ನನ್ನ ಹೋಟೆಲಿನಲ್ಲಿ, ಎರಡನೇ ಸಲ ಟೀ ಕಾಯಿಸುವ ಹೊತ್ತಿಗೆ. ಮೊದಲನೇ ಟೀ ಕುಡಿಯುವಾಗ ಎಲ್ಲರೂ ಅವನನ್ನು ಹೊಗಳಿದ್ದರು.

ಹೋಟೆಲು ಎಂದರೆ ದೊಡ್ಡದೇನಲ್ಲ. ಹಾರನಹಳ್ಳಿ ಕಡೆಯಿಂದ ಪಿರಿಯಾಪಟ್ಟಣಕ್ಕೆ ಇಳಿಯುವ ರಸ್ತೆಯ ಬುಡದಲ್ಲಿ ಒಂದು ಹೆಂಚಿನ ಮನೆ, ಮುಂದೆ ಎರಡು ಬೆಂಚು. ಗಂಡ ತೀರಿಹೋದ ಮೇಲೆ ಹನ್ನೊಂದು ವರ್ಷದಿಂದ ನಡೆಸುತ್ತಿದ್ದೆ. ತಮ್ಮ ಧರ್ಮೇಂದ್ರ ನನ್ನ ಜೊತೆಗೇ ಇದ್ದ. ಸೌದೆ, ತರಕಾರಿ, ಸೀಮೆಎಣ್ಣೆ ಎಲ್ಲ ಅವನೇ ತನ್ನ ಹಳೆಯ ರಾಜದೂತ್ ಮೋಟಾರ್ ಸೈಕಲ್ ಮೇಲೆ ಹೇರಿಕೊಂಡು ಬರುತ್ತಿದ್ದ. ಅದು ತೊಂಬತ್ತೇಳನೇ ಇಸವಿ, ತಂಬಾಕು ಹರಾಜಿನ ಕಾಲ. ರಸ್ತೆಯಲ್ಲಿ ಬೇಲುಗಳನ್ನು ಹೊತ್ತ ಟ್ರ್ಯಾಕ್ಟರುಗಳು, ಹೋಟೆಲಿನಲ್ಲಿ ಹೊತ್ತುಗೊತ್ತಿಲ್ಲದ ಜನ.

ಶನಿವಾರ ಸಂಜೆ ಮಬ್ಬುಗತ್ತಲೆ ಆಗುವ ಹೊತ್ತಿಗೆ ಪುಟ್ಟಮಾದಮ್ಮ ವೀಳ್ಯದೆಲೆಯ ಖಾಲಿ ಬುಟ್ಟಿ ಹೊತ್ತುಕೊಂಡು ಇಳಿಜಾರಿನಲ್ಲಿ ಬರುತ್ತಿದ್ದಳು. ಹಿಂದಿನಿಂದ ಒಂದು ಗಾಡಿ ಬಂದು ಗುದ್ದಿತು. ಚರಂಡಿಗೆ ಮುಖ ಕೆಳಗಾಗಿ ಬಿದ್ದಳು. ಮುಂಗೈ ಮುರಿಯಿತು, ಸೊಂಟಕ್ಕೆ ಪೆಟ್ಟಾಯಿತು. ಗುದ್ದಿದವನು ಯಾರೆಂದು ಅವಳಿಗೆ ಕಾಣಲಿಲ್ಲ, ಅವನು ಹೊರಟುಹೋದ. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಚಿಕ್ಕಮಾದು ಸೈಕಲ್ಲಿನಲ್ಲಿ ಬಂದ. ಹಳ್ಳಿಗಳಿಂದ ಹಾಲು ತುಂಬಿಸಿಕೊಂಡು ಪಟ್ಟಣದ ಡೇರಿಗೆ ಹಾಕುವುದು ಅವನ ಕೆಲಸ. ನರಳುವುದು ಕೇಳಿಸಿ ಇಳಿದ. ಎರಡು ಕ್ಯಾನು ಹಾಲನ್ನು ರಸ್ತೆಬದಿಯಲ್ಲೇ ಬಿಚ್ಚಿಟ್ಟು, ಅವಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಒಂದು ಕೈಯಲ್ಲಿ ಹಿಡಿದು ನೂಕುತ್ತಾ ಆಸ್ಪತ್ರೆಗೆ ಕರೆದೊಯ್ದ. ವಾಪಸ್ಸು ಬಂದು ಕ್ಯಾನು ತೆಗೆದುಕೊಂಡು ಹೋಗುವ ಹೊತ್ತಿಗೆ ಡೇರಿಯ ಬಾಗಿಲು ಹಾಕಿತ್ತು. ಅಷ್ಟೂ ಹಾಲು ಕೆಟ್ಟಿತು.

ಆಸ್ಪತ್ರೆಯಲ್ಲಿ ಪುಟ್ಟಮಾದಮ್ಮ ಹೇಳಿದ್ದು ಎರಡೇ ಮಾತು. "ಸದ್ದೇ ಬರ್ನಿಲ್ಲ ಕಣವ್ವ. ಬೆಳಕೂ ಇರ್ನಿಲ್ಲ."

ಆ ಎರಡು ಮಾತನ್ನು ಹಿಡಿದುಕೊಂಡವರು ಬಸವಪ್ರಸಾದರು. ಗೊಬ್ಬರ, ಔಷಧಿ ಅಂಗಡಿ ಅವರದು. ದಿನವೂ ಬೆಳಿಗ್ಗೆ ತೋಟದ ಮನೆಯಿಂದ ಸ್ಕೂಟರಿನಲ್ಲಿ ಇಳಿದು ನನ್ನಲ್ಲಿ ಟೀ ಕುಡಿದು ಅಂಗಡಿ ತೆಗೆಯುವವರು. ಊರಿನ ವರ್ತಕರಿಗೆಲ್ಲ ಮುಂದಾಳು.

"ಸದ್ದಿಲ್ಲ, ಲೈಟಿಲ್ಲ ಅಂದ್ರೆ ಸೈಕಲ್ಲೇ ತಾನೆ ರಾಮಮ್ಮ? ಆ ಹೊತ್ನಲ್ಲಿ ಆ ದಾರಿಲಿ ಬಂದ ಸೈಕಲ್ ಯಾವ್ದು?"

"ಅವನೇ ಅಲ್ವಾ ಸ್ವಾಮಿ ಆಸ್ಪತ್ರೆಗೆ ಸೇರಿಸಿದ್ದು?" ಅಂದೆ.

"ಅದಕ್ಕೇ ಹೇಳ್ತಿರೋದು. ಗುದ್ದದೆ ಇರೋನು ಎರಡು ಕ್ಯಾನು ಹಾಲು ನಾಯಿ ಬಾಯಿಗೆ ಬಿಟ್ಟು ಯಾಕ್ರೀ ಓಡ್ತಾನೆ? ಹೊಟ್ಟೆಯೊಳಗೆ ಅಳುಕು ಇದ್ರೆ ತಾನೆ?"

ಬೆಂಚಿನ ಮೇಲೆ ಕೂತವರೆಲ್ಲ ಲೋಟ ಕೆಳಗಿಟ್ಟರು. ಸತ್ಯ ಹೇಳಬೇಕೆಂದರೆ ನನಗೂ ಹೌದೆನ್ನಿಸಿತು. ಇಷ್ಟು ವರ್ಷ ಗಿರಾಕಿಗಳನ್ನು ನೋಡಿದ್ದೇನೆ. ಕೇಳದೆ ಬಂದು ಉಪಕಾರ ಮಾಡುವವನನ್ನು ಕಂಡರೆ ಇವನಿಗೇನು ಬೇಕಾಗಿರಬಹುದು ಎಂದೇ ಮೊದಲು ಯೋಚಿಸುವವಳು ನಾನು.

ಅಷ್ಟು ದಿನ ಸೈಕಲ್ಲಿನವರಿಗೆ ಪೊಲೀಸರು ಕೊಡುತ್ತಿದ್ದ ಶಿಕ್ಷೆ ಒಂದೇ. ಲೈಟಿಲ್ಲದೆ ಬಂದರೆ, ಡಬಲ್ ರೈಡ್ ಬಂದರೆ, ವಾಲ್ ಟ್ಯೂಬ್ ಕಿತ್ತು ಗಾಳಿ ಬಿಡುವುದು. ನೂಕಿಕೊಂಡು ಹೋಗು ಮಗನೆ ಅನ್ನುವುದು. ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಬಸವಪ್ರಸಾದರು ಅದನ್ನೇ ಎತ್ತಿಕೊಂಡರು. "ನಾವು ಲೈಸೆನ್ಸ್ ಮಾಡಿಸ್ಬೇಕು, ಇನ್ಶೂರೆನ್ಸ್ ಕಟ್ಬೇಕು, ಹೊಗೆ ಟೆಸ್ಟ್ ಮಾಡಿಸ್ಬೇಕು. ತಪ್ಪಿದ್ರೆ ಕೋರ್ಟು. ಇವ್ರಿಗೆ ಮಾತ್ರ ಗಾಳಿ ಬಿಟ್ಟು ಕಳಿಸ್ತೀರಾ? ಮೂಳೆ ಮುರಿದ್ರೆ ಎರಡೂ ಮೂಳೆನೇ ಅಲ್ವಾ? ಒಂದೇ ಶಿಕ್ಷೆ ಆಗ್ಬೇಕು." ಹೀಗೆಂದು ಅರ್ಜಿ ಬರೆಸಿ, ಅಲ್ಲಿದ್ದವರ ಹತ್ತಿರವೆಲ್ಲ ಸಹಿ ಹಾಕಿಸಿದರು. ನಾನೂ ಹಾಕಿದೆ. ನನ್ನ ಕೆಳಗೆ ಧರ್ಮೇಂದ್ರ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಚಿಕ್ಕಮಾದುವಿನ ಸೈಕಲ್ ಸ್ಟೇಷನ್ನಿನ ಗೋಡೆಗೆ ಒರಗಿತ್ತು. ಮುಂದಿನ ಮಡ್‌ಗಾರ್ಡ್ ಸೊಟ್ಟಗಾಗಿತ್ತು. ಅದು ಎರಡು ವರ್ಷದಿಂದ ಸೊಟ್ಟಗೇ ಇತ್ತು ಎಂದು ನನಗೆ ಗೊತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ನಿಂಗಯ್ಯ ಸಂಜೆ ಟೀಗೆ ಬಂದಾಗ ಕೇಳಿದೆ. "ಸೈಕಲ್‌ನೋನ್ಗೂ ಕೇಸ್ ಆಯ್ತದಾ ನಿಂಗಯ್ಯನೋರೆ?"

"ಯಾಕಾಗಲ್ಲ? ಎಂಜಿನ್ ಇರಲಿ ಬುಡ್ಲಿ, ಅಡ್ಡಾದಿಡ್ಡಿ ಸವಾರಿ ಮಾಡಿ ಮೂಳೆ ಮುರಿದ್ರೆ ಒಂದೇ ಸೆಕ್ಷನ್ನು. ಇಷ್ಟು ದಿನ ಯಾರೂ ಬರೀತಿರ್ಲಿಲ್ಲ ಅಷ್ಟೆ. ಈಗ ಅರ್ಜಿ ಬಂದೈತೆ, ಸಾಹೇಬ್ರು ಹೊಸಬ್ರು. ಮುದುಕಿ ವಸಿ ಕೂರೋ ಹಂಗಾಗ್ಲಿ, ಬುಧವಾರ ಹೇಳಿಕೆ ತಕ್ಕಂಡು ಬರೀತಾರೆ."

"ಅಲ್ಲೀಗಂಟ ಸೈಕಲ್ಲು?"

"ಅಲ್ಲೇ ಇರ್ತದೆ."

ಸೈಕಲ್ಲಿಲ್ಲದಿದ್ದರೆ ಹಾಲಿಲ್ಲ. ಡೇರಿಯವರು ಚಿಕ್ಕಮಾದುವಿಗೆ ಬುಧವಾರ ಸಂಜೆಯವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ಮೊದಲಿನ ಹಾಗೆ ಎರಡು ತುಂಬಿದ ಕ್ಯಾನು ಬರದಿದ್ದರೆ ಗುರುವಾರದಿಂದ ಆ ದಾರಿಯ ಹಾಲು ಬೇರೆಯವನಿಗೆ. ಕಾದು ನಿಂತವರು ಇಬ್ಬರಿದ್ದರು. ಅಲ್ಲಿಯವರೆಗೆ ಅವನೊಂದು ಕ್ಯಾನು, ಅವನ ಹೆಂಡತಿ ಮರಮ್ಮ ಒಂದು ಕ್ಯಾನು ತಲೆಯ ಮೇಲೆ ಹೊತ್ತು ನಡೆಯತೊಡಗಿದರು. ಏಳು ಕಿಲೋಮೀಟರು. ತುಂಬಿದ ಕ್ಯಾನು ಹೊರಲಾಗದೆ ಅರ್ಧ ಹಾಲಷ್ಟೇ ತಲುಪುತ್ತಿತ್ತು, ಅದೂ ತಡವಾಗಿ.

ಸೋಮವಾರ ಮಧ್ಯಾಹ್ನ ಹೋಟೆಲು ಖಾಲಿಯಾದಾಗ ಒಂದು ಚೊಂಬು ರಾಗಿ ಗಂಜಿ ತೆಗೆದುಕೊಂಡು ಪುಟ್ಟಮಾದಮ್ಮನನ್ನು ನೋಡಲು ಹೋದೆ. ಆಸ್ಪತ್ರೆಯಿಂದ ಮಗಳು ರಾಣಿಯ ಮನೆಗೆ ಕರೆತಂದಿದ್ದರು. ಕೈಗೆ ಪ್ಲಾಸ್ಟರಿನ ಕಟ್ಟು, ಕಾಲಿನ ತುಂಬ ನೀಲಿ ಔಷಧಿ.

"ಮುರಿದ ಕೈಯಾದ್ರೂ ಸುಮ್ಕದೆ ಕಣ್ ರಾಮವ್ವ. ಈ ಕಾಲಿಂದು ನಿದ್ದೆ ಕೊಡ್ತಿಲ್ಲ," ಅಂದಳು.

"ಚರಂಡಿ ಕಲ್ಲಿಗೆ ತರಚೈತೆ," ಅಂದಳು ರಾಣಿ.

ನಾನು ಬಗ್ಗಿ ನೋಡಿದೆ. ಮೀನಖಂಡದ ಮೇಲೆ ಅಂಗೈ ಉದ್ದದ ಪಟ್ಟೆ. ಅಂಚು ಕೆಂಪಗೆ, ನಡುವೆ ನೀರು ತುಂಬಿದ ಬೊಬ್ಬೆ. ನೀಲಿ ಬಣ್ಣದ ಕೆಳಗೆ ಡಾಕ್ಟರಿಗೂ ಕಾಣದೆ ಇದ್ದಿರಬಹುದು. ನನ್ನ ಎರಡೂ ಮುಂಗೈ ನೋಡಿದರೆ ಅಂಥವು ಎಂಟೋ ಹತ್ತೋ ಇವೆ. ಬಾಣಲೆಯ ಅಂಚು, ಹಂಚಿನ ಅಂಚು, ಬಾಯ್ಲರಿನ ನಲ್ಲಿ ಒಂದೊಂದೂ ಯಾವ ಗುರುತು ಬಿಡುತ್ತದೆಂದು ನನ್ನ ಚರ್ಮಕ್ಕೆ ಗೊತ್ತು. ಕಲ್ಲು ತರಚಿದರೆ ಬೊಬ್ಬೆ ಏಳುವುದಿಲ್ಲ. ಇದು ಕಾದ ಕಬ್ಬಿಣ.

ಸೈಕಲ್ಲಿನಲ್ಲಿ ಕಾಯುವಂಥದ್ದು ಏನಿದೆ?

ಹೊರಗೆ ತಂತಿಯ ಮೇಲೆ ಅವಳ ಆ ದಿನದ ಸೀರೆ ಒಣಗುತ್ತಿತ್ತು. ನೇರಳೆ ಬಣ್ಣದ ನೈಲಾನ್ ಸೀರೆ. ಅಂಚಿನಲ್ಲಿ ಒಂದು ತೂತು, ತೂತಿನ ಸುತ್ತ ಕರಗಿ ಗಟ್ಟಿಯಾದ ದಾರ. ನಾನು ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ ಸುಮ್ಮನೆ ಹೊರಟೆ.

ದಾರಿಯಲ್ಲಿ ನಡೆಯುತ್ತಾ ನನಗೆ ನನ್ನ ಮೇಲೇ ನಗು ಬಂತು. ಸದ್ದಿಲ್ಲದ ಗಾಡಿ ಎಂದರೆ ಸೈಕಲ್ಲೇ ಏಕಾಗಬೇಕು? ನಮ್ಮ ಕಡೆ ಮೋಟಾರ್ ಸೈಕಲ್ ಇಟ್ಟವರಿಗೆಲ್ಲ ಒಂದು ಅಭ್ಯಾಸ. ಇಳಿಜಾರು ಬಂದ ಕೂಡಲೇ ಎಂಜಿನ್ ಆರಿಸಿ, ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಜಾರಲು ಬಿಡುವುದು. ಮೇಲಿನ ಹುಣಸೆಮರದ ಹತ್ತಿರ ಬಿಟ್ಟರೆ ನನ್ನ ಬಾಗಿಲಿನವರೆಗೆ ಒಂದು ತೊಟ್ಟು ಪೆಟ್ರೋಲಿಲ್ಲದೆ ಬರಬಹುದು. ಹಳೆಯ ಗಾಡಿಗಳಲ್ಲಿ ಎಂಜಿನ್ ನಿಂತರೆ ದೀಪವೂ ನಿಲ್ಲುತ್ತದೆ. ಕತ್ತಲಲ್ಲಿ ಗೂಬೆ ಬಂದ ಹಾಗೆ ಬಂದು ಬಾಗಿಲಲ್ಲಿ ನಿಂತು "ಅಕ್ಕ, ಒಂದ್ ಟೀ" ಅಂದಾಗ ನಾನು ಎಷ್ಟೋ ಸಲ ಬೆಚ್ಚಿದ್ದೇನೆ. ಭಾನುವಾರ ಬೆಂಚಿನ ಮೇಲೆ ಕೂತು ನ್ಯಾಯ ಹೇಳಿದವರೆಲ್ಲ ಹಾಗೆಯೇ ಜಾರಿಕೊಂಡು ಬಂದವರು. ಒಬ್ಬರಿಗೂ ಇದು ಹೊಳೆಯಲಿಲ್ಲ. ಪೆಟ್ರೋಲು ಉಳಿಸುವುದು ಒಂದು ತಪ್ಪು ಎಂದು ಯಾರಿಗೆ ತಾನೆ ಹೊಳೆಯುತ್ತದೆ?

ಸಂಜೆ ಆ ಹೊತ್ತಿನಲ್ಲಿ ಹಾಗೆ ಇಳಿಯುವವರು ಯಾರೆಂದು ಲೆಕ್ಕ ಹಾಕಿದೆ. ಬಾಗಿಲಲ್ಲಿ ಕೂತವಳಿಗೆ ಇದು ಕಷ್ಟವಲ್ಲ. ಮೂರು ಜನ.

ಒಬ್ಬರು ಬಸವಪ್ರಸಾದರು, ಸಂಜೆ ತೋಟ ನೋಡಿಕೊಂಡು ಮತ್ತೆ ಅಂಗಡಿಗೆ ಇಳಿಯುತ್ತಿದ್ದರು. ನನಗೆ ಅವರೇ ಆಗಲಿ ಅನ್ನಿಸಿತು. ಅಷ್ಟು ಜೋರಾಗಿ ಕೂಗುವವರ ಕಂಕುಳಲ್ಲಿ ಏನಾದರೂ ಬಚ್ಚಿಟ್ಟಿರಬೇಕು. ಅವರು ನಾಲ್ಕು ಗಂಟೆಗೆ ಬಂದಾಗ ಕೇಳದೆಯೇ ಎರಡು ಬೋಂಡ ಹೆಚ್ಚಿಗೆ ಹಾಕಿ, ಅವರು ತಿನ್ನುವಾಗ ಪಾತ್ರೆಯ ನೀರು ಚೆಲ್ಲುವ ನೆಪದಲ್ಲಿ ಸ್ಕೂಟರನ್ನು ಸುತ್ತಿ ನೋಡಿದೆ. ಸೈಲೆನ್ಸರ್ ಹೊಟ್ಟೆಯ ಕೆಳಗೆ ಅಡಗಿ ಕೂತಿತ್ತು. ಅದು ಯಾರ ಮೀನಖಂಡಕ್ಕೂ ಹಾಗೆ ಉದ್ದಕ್ಕೆ ತಾಗುವಂಥದ್ದಲ್ಲ.

"ಏನ್ ರಾಮಮ್ಮ, ಸ್ಕೂಟರ್ ತಕ್ಕತೀಯಾ?" ಅಂದರು.

"ನನ್ಗ್ಯಾಕ್ ಸ್ವಾಮಿ, ನಿಮ್ ಸೊಸೇನೇ ಅದ್ನ ನಂಬ್ದೆ ಬಾಣಂತನಕ್ಕೆ ಬಸ್ಸಲ್ಲಿ ಹೋದ್ಲಂತೆ," ಅಂದೆ. ಬೆಂಚು ನಕ್ಕಿತು. ಅವರು ಬೋಂಡ ನುಂಗಿ ಹೊರಟರು.

ಎರಡನೆಯವರು ಅಂಕಯ್ಯ ಮೇಷ್ಟ್ರು. ಅವರ ಗಾಡಿ ಹದಿನೈದು ದಿನದಿಂದ ಹುಣಸೂರಿನ ಗ್ಯಾರೇಜಿನಲ್ಲಿ ಬಿಚ್ಚಿ ಬಿದ್ದಿತ್ತು. ಅವರು ಬಸ್ಸಿನಲ್ಲಿ ಓಡಾಡುತ್ತಿದ್ದರು.

ಮೂರನೆಯವನ ಹೆಸರು ಬಂದಾಗ ನಾನು ಒಲೆಗೆ ಸೌದೆ ತುರುಕಿದೆ. ಬೇಕಾಗಿರಲಿಲ್ಲ, ಆದರೂ ತುರುಕಿದೆ.

ಧರ್ಮೇಂದ್ರ ಹಾಲು ತರಲು ಹೋದಾಗ ಹಿತ್ತಿಲಿಗೆ ಹೋದೆ. ರಾಜದೂತ್ ಗೋಣಿಚೀಲ ಹೊದ್ದು ನಿಂತಿತ್ತು. ಅದಕ್ಕೆ ಗೋಣಿಚೀಲ ಹೊದಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಎತ್ತಿದೆ. ಕಾಲಿಡುವ ಕಂಬಿ ಹಿಂದಕ್ಕೆ ಬಾಗಿತ್ತು. ಸೈಲೆನ್ಸರಿನ ಮೇಲೆ ಹೆಬ್ಬೆರಳಗಲ ನೇರಳೆ ಬಣ್ಣದ ಅಂಟು, ಸುಟ್ಟು ಗಟ್ಟಿಯಾಗಿತ್ತು. ಉಗುರಿನಲ್ಲಿ ಕೆರೆದಿದ್ದ ಗುರುತೂ ಇತ್ತು. ಪೂರ್ತಿ ಬಂದಿರಲಿಲ್ಲ.

ಗೋಣಿಚೀಲವನ್ನು ಇದ್ದ ಹಾಗೇ ಹೊದಿಸಿ ಒಳಗೆ ಬಂದೆ.

ಇಳಿಜಾರಿನಲ್ಲಿ ಎಂಜಿನ್ ಆರಿಸುವುದನ್ನು ಅವನಿಗೆ ಕಲಿಸಿದವಳು ನಾನೇ. "ಎಲ್ಲರೂ ಆರಿಸ್ಕಂಡು ಬತ್ತಾರೆ, ನೀನೊಬ್ಬ ಯಾಕ್ಲಾ ಎಣ್ಣೆ ಸುಡ್ತೀಯ?" ಎಂದು ಬೈದು ಬೈದು ಕಲಿಸಿದ್ದೆ.

ಮಂಗಳವಾರವೆಲ್ಲ ಸುಮ್ಮನಿದ್ದೆ. ಅವನು ಉಣ್ಣುವುದನ್ನು ನೋಡಿದೆ. ಎಂದಿನ ಹಾಗೇ ಉಂಡ. ಮುದ್ದೆ ಇನ್ನೊಂದು ಕೇಳಿದ. ಇವನಿಗೆ ಅಳುಕಿಲ್ಲವೋ, ಅಥವಾ ನಾನು ಕಂಡದ್ದೇ ತಪ್ಪೋ ಎಂದು ಒಂದು ಗಳಿಗೆ ಅನ್ನಿಸಿತು. ತಪ್ಪಾಗಿರಲಿ ಎಂದು ಅವನ ಪರವಾಗಿ ನಾನೇ ವಕಾಲತ್ತು ಮಾಡಿದೆ. ಬಸ್ ಡ್ರೈವರ್ ಕೆಲಸಕ್ಕೆ ಅವನು ಅರ್ಜಿ ಹಾಕಿದ್ದ. ಹೆವಿ ಲೈಸೆನ್ಸಿಗಾಗಿ ಒಂದು ವರ್ಷ ಲಾರಿಯವರ ಹಿಂದೆ ಅಲೆದಿದ್ದ. ಮುಂದಿನ ತಿಂಗಳು ಟೆಸ್ಟು. ಗುದ್ದಿ ಓಡಿಹೋದ ಕೇಸು ಇದ್ದವನಿಗೆ ಬಸ್ಸು ಕೊಡುವವರು ಯಾರು?

ಅವತ್ತು ಮಧ್ಯಾಹ್ನ ಚಿಕ್ಕಮಾದು ಸ್ಟೇಷನ್ನಿಗೆ ಹೋಗುತ್ತಾ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ.

"ಅಕ್ಕ, ನಿಮ್ಮ ಮಾತು ನಿಂಗಯ್ಯನೋರು ಕೇಳ್ತಾರೆ. ನಾನು ಅಂಥೋನಲ್ಲ ಅಂತ ಒಂದು ಮಾತು ಯೋಳಿ."

"ನೋಡಾನ ಬುಡು ಮಾದು," ಅಂದೆ.

ಅವನು ತಲೆಯಾಡಿಸಿ ಹೋದ.

ಬುಧವಾರ ಬೆಳಿಗ್ಗೆ ಹತ್ತು ಗಂಟೆ. ಮರಮ್ಮ ಬಂದು ಬೆಂಚಿಗೆ ಕ್ಯಾನು ಇಳಿಸಿದಳು. ಒಬ್ಬಳೇ ಇದ್ದಳು. ಸಿಂಬೆ ತೆಗೆದಾಗ ನೆತ್ತಿಯ ಕೂದಲು ಬೆವರಿಗೆ ಅಂಟಿಕೊಂಡಿತ್ತು. ನೀರು ಕೇಳಿದಳು. ಕೊಟ್ಟೆ.

"ಮಾದು ಎಲ್ಲಿ?"

"ಸ್ಟೇಷನ್ಗೆ ಬರೇಳವ್ರೆ. ಇವತ್ತು ಒಪ್ಕಂಡ್ಬುಡ್ತಾನಂತೆ."

"ಏನು ಒಪ್ಕಳದು?"

"ನಾನೇ ಗುದ್ದಿದ್ದು ಅಂತ. ಒಪ್ಕಂಡ್ರೆ ಸೈಕಲ್ ಬೇಗ ಬುಡ್ತಾರಂತೆ ಅಂತ ಯಾರೋ ಯೋಳವ್ರೆ. ಸಂಜೆ ಹಾಲ್ಗೆ ಸೈಕಲ್ ಬೇಕಲ್ವಾ." ಇನ್ನೊಂದು ಲೋಟ ನೀರು ಕುಡಿದು ನನ್ನ ಮುಖ ನೋಡಿದಳು. "ಗುದ್ದಿದ್ರೆ ನಂತಾವಾದ್ರೂ ಯೋಳ್ತಿದ್ದ ಕಣಕ್ಕ. ನನಗೂ ಅವತ್ತು ರಾತ್ರಿ ಅನುಮಾನ ಬಂತು. ಕೇಳ್ದೆ. ಆಗಿಂದ ಅವನು ನನ್ನ ಕೂಡೆ ಸರಿಯಾಗಿ ಮಾತಾಡಿಲ್ಲ."

ಕ್ಯಾನು ಎತ್ತಿ ಅವಳ ತಲೆಗೆ ಇಟ್ಟೆ. ಅವಳು ಹೋದ ಮೇಲೆ ಒಲೆಯಿಂದ ಸೌದೆ ಹೊರಗೆಳೆದು, ಹಿತ್ತಿಲಿಗೆ ಹೋದೆ. ಧರ್ಮೇಂದ್ರ ಸೌದೆ ಸೀಳುತ್ತಿದ್ದ.

"ಶನಿವಾರ ಸಂಜೆ ಎಲ್ಲಿಂದ ಬಂದ್ಯಲಾ?"

"ಯಾವ ಶನಿವಾರ?"

ನಾನು ಗೋಣಿಚೀಲ ಎಳೆದು ಕೆಳಗೆ ಹಾಕಿದೆ. ಅವನು ಕೊಡಲಿ ಕೆಳಗಿಟ್ಟ.

"ಬೇಕಂತ ಗುದ್ದಿದ್ನಾ ಅಕ್ಕ? ಟ್ರ್ಯಾಕ್ಟರ್ ಎದುರು ಬಂತು, ಪಕ್ಕಕ್ಕೆ ಎಳ್ದೆ, ಅವಳಿದ್ಲು. ಗಾಡಿ ಅವಳ ಕಾಲ್ ಮ್ಯಾಲೇ ಬಿತ್ತು. ಎತ್ತಿ ನಿಲ್ಸೋವಷ್ಟರಲ್ಲಿ ಹಿಂದೆ ಮಾದು ಬತ್ತಿರೋದು ಕಾಣ್ತು. ಅವನು ನೋಡ್ಕತಾನೆ ಅಂತ ಎಂಜಿನ್ ಹಾಕ್ದೆ ಹಂಗೇ ಜಾರಿಸ್ಕಂಡು ಬಂದ್ಬುಟ್ಟೆ."

"ನೋಡ್ಕಂಡ. ಅದಕ್ಕೇ ಸಿಕ್ಕಾಕಂಡ."

"ಅವನ್ಗೇನಾಯ್ತದೆ? ಸೈಕಲ್‌ನೋನು. ಬೈದು ಗಾಳಿ ಬುಟ್ಟು ಕಳಿಸ್ತಾರೆ. ಅವನತ್ರ ಕಿತ್ಕಳಕ್ಕೆ ಲೈಸೆನ್ಸ್ ಐತಾ? ನಂದು ಹೆವಿ ಅಕ್ಕ."

"ಗಾಳಿ ಬುಟ್ಟು ಕಳಿಸ್ಬ್ಯಾಡಿ, ನಮ್ಮಷ್ಟೇ ಶಿಕ್ಷೆ ಕೊಡಿ ಅಂತ ಬರ್ದಿದ್ದ ಅರ್ಜಿಗೆ ನೀನೂ ಸಹಿ ಹಾಕಿದ್ಯಲ್ಲೋ."

"ಎಲ್ಲರೂ ಹಾಕ್ತಿದ್ರು. ಹಾಕ್ದಿದ್ರೆ ಅನುಮಾನ ಬತ್ತಿರ್ಲಿಲ್ವಾ?"

ಬರುತ್ತಿತ್ತು, ನಿಜ. ನನಗೇ ಮೊದಲು ಬರುತ್ತಿತ್ತು.

"ಗಾಡಿ ತೆಗಿ," ಅಂದೆ. "ನೂಕ್ಕಂಡು ಬಾ. ನಾನು ಜೊತೇಲಿ ಬತ್ತೀನಿ."

"ಬರಲ್ಲ ಅಂದ್ರೆ?"

"ನಾನೊಬ್ಳೇ ಹೋಯ್ತೀನಿ. ನೀನೇ ಹೇಳಿದ್ರೆ ಒಂಥರ, ನಾನು ಹೇಳಿದ್ರೆ ಇನ್ನೊಂಥರ. ಯಾವ್ದು ಬೇಕೋ ನೋಡ್ಕ."

ಅವನು ಕೊಡಲಿಯನ್ನು ಸೌದೆ ರಾಶಿಗೆ ಒರಗಿಸಿದ. ಆಮೇಲೆ ಸ್ಟ್ಯಾಂಡ್ ತೆಗೆದ.

ಸ್ಟೇಷನ್ನಿನಲ್ಲಿ ಚಿಕ್ಕಮಾದು ಜಗಲಿಯ ಮೇಲೆ ಕೂತಿದ್ದ. ಬಸವಪ್ರಸಾದರು ಅರ್ಜಿದಾರರಾಗಿ ಒಳಗೆ ಕುರ್ಚಿಯ ಮೇಲಿದ್ದರು. ಧರ್ಮೇಂದ್ರ ಒಳಗೆ ಹೋಗಿ ನೆಲ ನೋಡುತ್ತಾ ಎಲ್ಲ ಹೇಳಿದ. ನಾನು ಬೊಬ್ಬೆಯ ವಿಷಯ, ಸೀರೆಯ ವಿಷಯ ಹೇಳಿದೆ. ನಿಂಗಯ್ಯ ಎದ್ದು ಹೊರಗೆ ಹೋಗಿ ಸೈಲೆನ್ಸರ್ ನೋಡಿ ಬಂದರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಆಗ ಬಸವಪ್ರಸಾದರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. "ಸಾರ್, ಒಂದು ನಿಮಿಷ. ಎಂಜಿನ್ ಆಫ್ ಆಗಿತ್ತಲ್ಲ? ಎಂಜಿನ್ ಆಫ್ ಆದ್ಮೇಲೆ ಅದಕ್ಕೂ ಸೈಕಲ್‌ಗೂ ಏನು ವ್ಯತ್ಯಾಸ? ಹುಡುಗ ಬದುಕೋ ವಯಸ್ಸು. ಏನೋ ಸಣ್ಣದಾಗಿ..."

ನಿಂಗಯ್ಯ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಎಂಜಿನ್ ಆರಿಸಿದ ತಕ್ಷಣ ಲೈಸೆನ್ಸು ಜೇಬಿಂದ ಆರೋಗ್ತದಾ ಸ್ವಾಮಿ? ಮೂರು ದಿನದಿಂದ ಸೈಕಲ್ಲಿಗೆ ಮೋಟಾರಿನ ಶಿಕ್ಷೆ ಕೇಳ್ತಿದ್ರಿ. ಈಗ ಮೋಟಾರಿಗೆ ಸೈಕಲ್ಲಿನ ಶಿಕ್ಷೆ ಕೇಳ್ತಾ ಇದ್ದೀರಿ. ಇಳಿಜಾರಲ್ಲಿ ನೀವೂ ಹಂಗೇ ಬರೋದು ಅಂತ ಕಾಣ್ತದೆ."

ಬಸವಪ್ರಸಾದರು ಅರ್ಜಿಯನ್ನು ವಾಪಸ್ಸು ಕೇಳಿದರು. ಸಾಹೇಬರು ಕೊಡಲಿಲ್ಲ. ಫೈಲಿನಲ್ಲಿರಲಿ ಅಂದರು.

ನಾನು ಹೊರಗೆ ಬಂದೆ. ನಿಂಗಯ್ಯ ಹೇಳಿದ್ದರಿಂದ ಚಿಕ್ಕಮಾದು ಆಗಲೇ ಗೋಡೆಯ ಹತ್ತಿರ ಹೋಗಿ ಸೈಕಲ್ ನೋಡುತ್ತಿದ್ದ. ಎರಡೂ ಟೈರು ಕೂತಿದ್ದವು. ಜವಾನನ ಹತ್ತಿರ ಪಂಪು ಇಸಿದುಕೊಂಡು ಒಂದಕ್ಕೆ ಗಾಳಿ ಹೊಡೆದ. ಇನ್ನೊಂದಕ್ಕೆ ಹೊಡೆಯುವಾಗ ನಾನು ಹೋಗಿ ಹ್ಯಾಂಡಲ್ ಹಿಡಿದುಕೊಂಡೆ.

"ಸಂಜೆ ಹಾಲ್ಗೆ ಹೊತ್ತೈತೆ ಕಣ್ ಮಾದು. ಹೋಗು."

ಅವನು ಪಂಪು ಒತ್ತುತ್ತಲೇ ಕೇಳಿದ. "ಯಾವತ್ ಗೊತ್ತಾಯ್ತಕ್ಕ ನಿಮ್ಗೆ?"

ಇವತ್ತೇ ಎಂದು ಹೇಳಬಹುದಿತ್ತು. ಅವನಿಗೆ ತಿಳಿಯುವ ದಾರಿ ಇರಲಿಲ್ಲ.

"ಸೋಮವಾರ," ಅಂದೆ.

ಪಂಪು ನಿಂತಿತು. ಅವನು ಸೋಮವಾರವನ್ನೂ ಮಂಗಳವಾರವನ್ನೂ ಒಂದೊಂದಾಗಿ ನೋಡುತ್ತಿದ್ದ ಹಾಗೆ ಕಂಡಿತು. ಪಂಪಿನ ಟ್ಯೂಬ್ ಬಿಚ್ಚಿ, ವಾಲ್ ಬಿಗಿ ಮಾಡಿ, ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. ಆಮೇಲೆ ಹ್ಯಾಂಡಲ್ ಮೇಲಿದ್ದ ನನ್ನ ಕೈ ತೆಗೆಯಲಿ ಎಂದು ಕಾದ. ತೆಗೆದೆ. ಗೇಟಿನವರೆಗೆ ನೂಕಿಕೊಂಡು ಹೋಗಿ, ಅಲ್ಲಿ ಹತ್ತಿ, ಹಾರನಹಳ್ಳಿ ದಾರಿ ಹಿಡಿದ.

ಒಳಗಿನಿಂದ ನಿಂಗಯ್ಯ ಕೂಗಿದರು. ಧರ್ಮೇಂದ್ರನಿಗೆ ಜಾಮೀನು ನಿಲ್ಲುವವರು ಯಾರು ಎಂದು ಕೇಳುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದೆ.